ಬಾಯಾರ ಜೊತೆ ಗಡಹಿಂಗ್ಲಜಕ್ಕೆ

ನಮ್ಮ ಡ್ರಾಯಿಂಗ್ ಬಾಯಾರ, ಅಂದರೆ ಡ್ರಾಯಿಂಗ್ ಮೇಡಂ ಅವರ, ಬಲಗೈಯ ನಡುಬೆರಳು ಮೊದಲ ಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಪೆನ್ಸಿಲ್ ಒತ್ತಿ ಒತ್ತಿ ಅಲ್ಲೊಂದು ಗಟ್ಟಿ ಗಂಟು ಎದ್ದಿತ್ತು. ಕಬನೂರಿನ ವರ್ಕ್‌ಶಾಪೊಂದರಲ್ಲಿ ಮಗ್ಗದ ಬಿಡಿಭಾಗಗಳ ನಕ್ಷೆಯನ್ನು ಹದಿನೈದು ವರ್ಷ ಕೈಯಿಂದ ಬರೆದು, ಆಮೇಲೆ ಇಚಲಕರಂಜಿಯ ನಮ್ಮ ಕಾಲೇಜಿಗೆ ಪಾಠ ಹೇಳಲು ಬಂದವರು ಅವರು. ಆ ಬೆರಳನ್ನು ಕಂಪ್ಯೂಟರಿನ ಪರದೆಗೆ ಒತ್ತಿಯೇ ತಪ್ಪು ತೋರಿಸುತ್ತಿದ್ದರು. ಅವರು ಅತ್ತ ಹೋದ ಮೇಲೂ ಪರದೆಯ ಮೇಲೆ ಗುರುತು ಉಳಿದಿರುತ್ತಿತ್ತು. ತಪ್ಪು ಎಲ್ಲಿದೆ ಎಂದು ಮತ್ತೆ ಹುಡುಕಬೇಕಾಗಿರಲಿಲ್ಲ.

ನಾನು ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜು ಮತ್ತು ಗಡಹಿಂಗ್ಲಜದ ಒಂದು ಕಾಲೇಜು ಕೂಡಿ ಒಂದೇ ರೋಬೋಟ್ ಮಾಡಲು ಹೊರಟವು. ನೂಲಿನ ಕೋನ್‌ಗಳನ್ನು ಎತ್ತಿ ಸಾಲಾಗಿ ಜೋಡಿಸುವ ರೋಬೋಟ್, ಸ್ಪರ್ಧೆ ಕೊಲ್ಹಾಪುರದಲ್ಲಿ. ಎತ್ತುವ ಕೈ ನಮ್ಮದು, ಗಾಲಿ ಮತ್ತು ಚೌಕಟ್ಟು ಅವರದು. ಎರಡೂ ಊರಿನವರು ಇಂಟರ್ನೆಟ್ಟಿನಲ್ಲಿ ಒಂದೇ ಡಿಸೈನ್ ತೆರೆದು ಕೂರುತ್ತಿದ್ದೆವು. ಇಲ್ಲಿ ನಾವೆಳೆದ ಗೆರೆ ಅಲ್ಲಿ ಅವರ ಪರದೆಯ ಮೇಲೂ ಮೂಡುತ್ತಿತ್ತು.

ಬಾಯಾರಿಗೆ ಅದು ಬಹಳ ಹಿಡಿಸಿತ್ತು. ಆದರೂ ದಿನಾ ಒಂದು ಮಾತು ಹೇಳುವರು: "ಚೌಕಟ್ಟ ಅಂದ್ರ ಅವ್ರ ಮನಿ ಗ್ವಾಡಿ. ಮೊಳಿ ಹೊಡಿಯೂದಕ್ಕ ಮೊದಲ ಕೇಳ್ರಿ." ಸೀರೆ ಅಂಗಡಿಯಿಂದ ರಟ್ಟಿನ ಡಬ್ಬಿ ತರಿಸಿ, ನಾವು ಬಿಡಿಸಿದ ಭಾಗಗಳನ್ನು ಅದೇ ಅಳತೆಗೆ ಕತ್ತರಿಸಿ ನಮ್ಮ ಕೈಗೆ ಕೊಡುವರು. "ಕಂಪ್ಯೂಟರ್‌ದಾಗ ಎಲ್ಲಾ ಹಗುರನ ಇರ್ತೈತಿ. ಹಿಡದು ನೋಡ್ರಿ."

ನಾನು ಕೇಳದೆಯೇ ಮೊಳೆ ಹೊಡೆದೆ. ನನ್ನ ಮೋಟಾರಿಗೆ ಜಾಗ ಸಾಲುತ್ತಿರಲಿಲ್ಲ. ಚೌಕಟ್ಟಿನ ಒಂದು ತಟ್ಟೆಯಲ್ಲಿ ಗಾಲಿ ಕೂಡಿಸಲು ಇದ್ದ ನಾಲ್ಕು ತೂತುಗಳನ್ನು ಆರು ಮಿಲಿಮೀಟರ್ ಪಕ್ಕಕ್ಕೆ ಸರಿಸಿದೆ. ಆಮೇಲೆ ತಿಳಿಸಿದರಾಯಿತು ಎಂದುಕೊಂಡು ಮರೆತೂ ಬಿಟ್ಟೆ. ಗಡಹಿಂಗ್ಲಜದ ತಂಡದ ಮುಖ್ಯಸ್ಥೆ ಪಲ್ಲವಿ, ಉತ್ತೂರಿನ ರೈತರ ಮನೆಯವಳು. ಅವಳು ಅದೇ ಡಿಸೈನನ್ನು ಕೊಲ್ಹಾಪುರಕ್ಕೆ ಕಳಿಸಿ ಅಲ್ಯುಮಿನಿಯಂ ತಟ್ಟೆ ಕೊರೆಸಿದಳು. ತಟ್ಟೆ ಬಂತು, ಎಡಗಾಲಿ ಬಲಗಾಲಿಗಳು ಒಂದೇ ಸಾಲಿಗೆ ಬರಲಿಲ್ಲ. ಅವಳ ಅಳತೆಯೇ ತಪ್ಪು ಎಂದರು ಎಲ್ಲರೂ. ಮುಖ್ಯಸ್ಥೆಯ ಜಾಗದಿಂದ ಅವಳನ್ನು ಇಳಿಸಿದರು. ನನಗೆ ಕೂಡಲೇ ಎಲ್ಲ ಅರ್ಥವಾಗಿತ್ತು. ಹನ್ನೊಂದು ದಿನ ಸುಮ್ಮನಿದ್ದೆ.

ಡಿಸೈನಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರೆಂಬುದು ದಾಖಲಾಗಿರುತ್ತದೆ. ನಮ್ಮಲ್ಲಿ ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಬಾಯಾರು ನೋಡಿದರು. ಊಟದ ಬಿಡುವಿನಲ್ಲಿ ನನ್ನೊಬ್ಬಳನ್ನೇ ಕರೆದರು.

"ಇದು ನಿನ್ನ ಹೆಸರ ಅಲ್ಲೇನವಾ?"

"ಹೌದ್ರಿ ಬಾಯಾರ."

"ಆ ಹುಡುಗಿಗೆ ಹೇಳೀಯೇನ?"

"ಇಲ್ರಿ. ಇವತ್ತ ಫೋನ್ ಮಾಡ್ತೇನ್ರಿ."

"ಫೋನ್ ಬ್ಯಾಡ. ನಾಳೆ ಹೋಗೂಣು. ನಾನೂ ಬರ್ತೇನಿ."

ಬೈಯಲಿಲ್ಲ. ಮರುದಿನ ಕಾಗಲದಲ್ಲಿ ಬಸ್ಸು ಬದಲಿಸಿದೆವು. ದಾರಿಯಲ್ಲಿ ಆ ಮಾತನ್ನೇ ಅವರು ಎತ್ತಲಿಲ್ಲ. ಮುರಗೂಡದ ಸ್ಟ್ಯಾಂಡಿನಲ್ಲಿ ಪೇರಲ ಹಣ್ಣು ಕೊಂಡು, ಅರ್ಧ ನನಗೆ ಕೊಟ್ಟು, ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ನಾನು ಅಲ್ಲಿ ಹೇಳಬೇಕಾದುದನ್ನು ಮರಾಠಿಯಲ್ಲಿ ಜೋಡಿಸುತ್ತ ಕೂತೆ.

ಗಡಹಿಂಗ್ಲಜದ ಕಾಲೇಜಿನ ವರ್ಕ್‌ಶಾಪಿನಲ್ಲಿ ಏಳೆಂಟು ಜನ ಇದ್ದರು, ಹೆಚ್ಚಿನವರು ಮರಾಠಿಯವರು. ಬಾಯಾರು ಬಾಗಿಲಲ್ಲೇ ನಿಂತರು. ನಾನು ಒಳಗೆ ಹೋಗಿ ಎಲ್ಲರೆದುರು ಮರಾಠಿಯಲ್ಲೇ ಹೇಳಿದೆ: "ಮಾಝೀ ಚೂಕ್ ಹಾಯ." ತಪ್ಪು ನನ್ನದು. ತೂತು ಸರಿಸಿದ್ದನ್ನು, ಸುಮ್ಮನಿದ್ದುದನ್ನು, ಎಲ್ಲವನ್ನೂ ಹೇಳಿದೆ.

ಪಲ್ಲವಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಕನ್ನಡದಲ್ಲಿ ಅಂದಳು, "ನಂಗ ಗೊತ್ತಿತ್ತು. ತಟ್ಟಿ ಬಂದ ದಿನಾನ ದಾಖಲೆದಾಗ ನಿನ್ನ ಹೆಸರ ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ, ತನ್ನ ತಪ್ಪ ಮುಚ್ಚಾಕ ಇನ್ನೊಬ್ಬರ ಹೆಸರ ಹೇಳಾಕತ್ತಾಳ ಅಂತಿದ್ರು. ನೀನ ಹೇಳಬೇಕಿತ್ತು."

ಆಗ ಬಾಯಾರು ಒಳಗೆ ಬಂದು ಆ ತಟ್ಟೆಯನ್ನು ಕೈಗೆತ್ತಿಕೊಂಡರು. "ತೂತ ಉದ್ದಕ್ಕ ಮಾಡಿದ್ರ ಗಾಲಿ ಹಿಂದ ಸರೀತೈತಿ. ಅರ ಎಲ್ಲಿ ಐತಿ? ಒಬ್ಬಾಕಿ ತಟ್ಟಿ ಹಿಡೀರಿ, ಒಬ್ಬಾಕಿ ತಿಕ್ಕ್ರಿ." ನಮ್ಮಿಬ್ಬರನ್ನೇ ಕೂರಿಸಿದರು. ಸಂಜೆಯವರೆಗೆ ಸರದಿಯಂತೆ ಅರದಿಂದ ತೂತಿನ ಅಂಚಿನ ಅಲ್ಯುಮಿನಿಯಂ ಉಜ್ಜಿದೆವು. ನನ್ನ ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಪಲ್ಲವಿ ನನ್ನೊಡನೆ ಒಂದು ಮಾತೂ ಆಡಲಿಲ್ಲ. ನನ್ನ ಕೈ ವಾರೆಯಾದಾಗ ಮಾತ್ರ ಮಣಿಕಟ್ಟು ಹಿಡಿದು ನೆಟ್ಟಗೆ ಮಾಡಿದಳು. ನನ್ನ ಮೋಟಾರಿಗೆ ಬೇರೆ ಜಾಗವನ್ನು ಇಚಲಕರಂಜಿಗೆ ಮರಳಿದ ಮೇಲೆ ನಾನೇ ಹುಡುಕಿಕೊಂಡೆ, ಅವಳನ್ನು ಕೇಳಿ.

ಅವಳನ್ನು ಮತ್ತೆ ಮುಖ್ಯಸ್ಥೆ ಮಾಡಿದರು. ಕೊಲ್ಹಾಪುರದಲ್ಲಿ ನಾವು ಗೆಲ್ಲಲಿಲ್ಲ. ಮೂರನೇ ಸುತ್ತಿನಲ್ಲಿ ಕೋನ್ ಕೈಜಾರಿ ಬಿತ್ತು. ಗಾಲಿಗಳು ಮಾತ್ರ ನೆಟ್ಟಗೆ ಓಡಿದವು. ನಾನೂ ಪಲ್ಲವಿಯೂ ಗೆಳತಿಯರಾಗಲು ಇನ್ನೊಂದು ವರ್ಷ ಬೇಕಾಯಿತು. ಈಗ ಅವಳು ಗಡಹಿಂಗ್ಲಜದಲ್ಲೇ ಡ್ರಾಯಿಂಗ್ ಕಲಿಸುತ್ತಾಳೆ.

ಕಳೆದ ಮಳೆಗಾಲದಲ್ಲಿ ಬಾಯಾರು ತೀರಿಕೊಂಡರು. ಇಬ್ಬರೂ ಕಬನೂರಿನ ಅವರ ಮನೆಗೆ ಹೋಗಿ, ಅವರ ತಂಗಿಯನ್ನು ಮಾತಾಡಿಸಿ ಹೊರಬಂದೆವು. ಚಹಾದಂಗಡಿಯಲ್ಲಿ ಕೂತಾಗ ಪಲ್ಲವಿ ಅಂದಳು, "ಒಂದ ಮಾತ ನಿನಗ ಹೇಳೇ ಇಲ್ಲ. ನೀವು ಬಂದ ದಿನ ನಾ ಕಾಲೇಜ ಬಿಡಾಕ ಅರ್ಜಿ ಬರದಿದ್ದೆ. ಮಧ್ಯಾಹ್ನ ಆಫೀಸಿಗೆ ಕೊಡಾಕಿ ಇದ್ದೆ."

"ಬಾಯಾರಿಗೆ ಗೊತ್ತಿತ್ತೇನ?"

"ಹೆಂಗ ಗೊತ್ತಿರಬೇಕು? ನನ್ನ ಮಾರಿನೂ ನೋಡಿರಲಿಲ್ಲ ಅವ್ರು."

ನನ್ನನ್ನು ತಿದ್ದಲೆಂದೇ ಬಾಯಾರು ಆ ದಿನ ಕರೆದೊಯ್ದಿದ್ದರು ಎಂದು ಅಷ್ಟು ವರ್ಷ ನಂಬಿದ್ದೆ. ಆದರೆ ದಾಖಲೆಯಲ್ಲಿ ನನ್ನ ಹೆಸರು ಕಂಡಾಗ ಅವರು ಯಾಕೆ ಹೀಗೆ ಮಾಡಿದೆ ಎಂದು ಕೇಳಿರಲಿಲ್ಲ, ಆ ಹುಡುಗಿಗೆ ಹೇಳಿದೆಯಾ ಎಂದಷ್ಟೇ ಕೇಳಿದ್ದರು. ಮುಖ ಕಂಡಿರದ ಒಬ್ಬ ಹುಡುಗಿ ಆ ಊರಿನಲ್ಲಿ ಒಬ್ಬಳೇ ಕೂತಿದ್ದಾಳೆಂಬ ಯೋಚನೆ ಅವರನ್ನು ಬಸ್ಸು ಹತ್ತಿಸಿತ್ತು ಎಂದು ನನಗೆ ಹೊಳೆದದ್ದು ಆ ಚಹಾದಂಗಡಿಯಲ್ಲಿ, ಅವರು ಹೋದ ಮೇಲೆ.