ಕೆಂಪಿಯ ಗಂಟಲಿಗೆ ಸಾವಿರದಿನ್ನೂರು ಲ್ಯೂಮೆನ್

ಕಳೆದ ಬುಧವಾರ ಸಂಜೆ ಒಂದು ಹಸು ನನ್ನನ್ನು ಎತ್ತಿ ಸಗಣಿ ಗುಡ್ಡೆಯ ಮೇಲೆ ಕೂರಿಸಿತು.

ತಪ್ಪು ಹಸುವಿನದಲ್ಲ. ನನ್ನ ಕೈಯಲ್ಲಿದ್ದ ಟಾರ್ಚಿನದು. ಸರಿಯಾಗಿ ಹೇಳಬೇಕೆಂದರೆ ಟಾರ್ಚಿನದೂ ಅಲ್ಲ, ನನ್ನದು. ಅದನ್ನು ಆರಿಸಲು ಇಪ್ಪತ್ತೆರಡು ದಿನ ತೆಗೆದುಕೊಂಡವನು, ಹೊತ್ತಿಸಿದ ಮೇಲೆ ಆರಿಸುವುದು ಹೇಗೆ ಎಂದು ಕಲಿಯಲು ಎರಡು ನಿಮಿಷ ಕೊಡಲಿಲ್ಲ. (ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ನಮ್ಮ ಹಿರಿಯರಿಗೆ ನನ್ನಂಥವರು ಹುಟ್ಟುತ್ತಾರೆಂದು ಮೊದಲೇ ಗೊತ್ತಿತ್ತೇನೋ.)

ಶುರುವಿನಿಂದ ಹೇಳುತ್ತೇನೆ.

ನಾವಿರುವುದು ಸಿಂಗಾಪುರದಲ್ಲಿ. ಹೌದು, ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದ್ದು. ಫೋನಿನಲ್ಲಿ "ಸಿಂಗಾಪುರದಿಂದ ಮಾತಾಡ್ತಿದ್ದೀನಿ" ಎಂದರೆ ಎದುರಿನವರು ಒಂದು ಕ್ಷಣ ಗೌರವ ಕೊಡುತ್ತಾರೆ. ಅಷ್ಟೇ ಲಾಭ. ಮೂರಂತಸ್ತಿನ ಕಟ್ಟಡದ ಮೊದಲ ಮಹಡಿಯಲ್ಲಿ ನಾನೂ ನನ್ನ ಹೆಂಡತಿ ಸುಮಾನೂ ಬಾಡಿಗೆಗಿದ್ದೇವೆ. ಕೆಳಗೆ ಓನರ್ ನಂಜಮ್ಮ. ಊರು ಇನ್ನೂ ಊರಾಗಿದ್ದ ಕಾಲದಿಂದ ಇರುವವರು. ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಜಿಮ್ ಇದೆ. ಆದರೆ ಕಟ್ಟಡದ ಹಿಂದೆ, ತಗಡಿನ ಶೀಟಿನ ಕೆಳಗೆ, ಒಂದೇ ಒಂದು ಹಸುವನ್ನು ಉಳಿಸಿಕೊಂಡಿದ್ದಾರೆ. ಹೆಸರು ಕೆಂಪಿ. ಏಳು ತಿಂಗಳ ಗಬ್ಬ.

ಇನ್ನು ಟಾರ್ಚಿನ ವಿಷಯ. ಒಂದು ಭಾನುವಾರ ಮಧ್ಯಾಹ್ನ ಸಂಪಿನಲ್ಲಿ ನೀರೆಷ್ಟಿದೆ ಎಂದು ಬಗ್ಗಿ ನೋಡುತ್ತಿದ್ದೆ, ಫೋನಿನ ಬೆಳಕು ಬಿಟ್ಟುಕೊಂಡು. ನೀರು ಭರ್ತಿ ಇತ್ತು. ಅದು ನನಗೆ ಗೊತ್ತಾಗಿದ್ದು ಫೋನು "ಬುಳುಕ್" ಎಂದಾಗ. ಪಾಪ, ಮುಳುಗುವಾಗಲೂ ಅದು ಬೆಳಕು ಬಿಡುತ್ತಲೇ ಇತ್ತು. ನಮ್ಮ ಸಂಪಿನ ತಳವನ್ನು ನಾನು ಅಷ್ಟು ಸ್ಪಷ್ಟವಾಗಿ ನೋಡಿದ್ದು ಅದೇ ಮೊದಲು.

ಮರುದಿನ ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನ ಪ್ರಸನ್ನನಿಗೆ ಈ ದುಃಖ ಹೇಳಿಕೊಂಡೆ.

"ಮಗಾ, ಫೋನ್ ಇರೋದು ಮಾತಾಡಕ್ಕೆ. ಬೆಳಕಿಗೆ ಒಂದು ಇಡಿಸಿ ಟಾರ್ಚ್ ಇಟ್ಕೋ."

"ಇಡಿಸಿ ಅಂದ್ರೆ?"

"ಎವ್ರಿಡೇ ಕ್ಯಾರಿ. ದಿನಾ ಜೇಬಲ್ಲಿಟ್ಕೊಂಡು ಓಡಾಡೋದು."

"ಕರ್ಚೀಫ್ ತರಾನಾ?"

ಪ್ರಸನ್ನ ನನ್ನನ್ನು ನೋಡಿದ ನೋಟದಲ್ಲಿ ಕರುಣೆ ಇತ್ತು. ಆ ನೋಟವೇ ನನ್ನನ್ನು ಹಾಳು ಮಾಡಿದ್ದು. ಐವತ್ತೊಂದು ವರ್ಷ ಬದುಕಿಯೂ ಜೇಬಿನ ಟಾರ್ಚಿನ ಬಗ್ಗೆ ಏನೂ ತಿಳಿಯದ ಮನುಷ್ಯ ಎನಿಸಿಕೊಳ್ಳಬೇಕೇ? ಅಂದು ಸಂಜೆಯೇ ಅಧ್ಯಯನ ಶುರುವಾಯಿತು.

ಅದೊಂದು ಲೋಕ ಸ್ವಾಮಿ! ಬೆಳಕು ಎಷ್ಟು ಎಂಬುದಕ್ಕೆ ಲ್ಯೂಮೆನ್. ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಥ್ರೋ. ಎಷ್ಟು ಅಗಲ ಹರಡುತ್ತದೆ ಎಂಬುದಕ್ಕೆ ಫ್ಲಡ್. ಬಟನ್ ಹಿಂದಿರಬೇಕೋ, ಪಕ್ಕದಲ್ಲಿರಬೇಕೋ? ಬೆಳಕು ಹಾಲುಬಿಳುಪೋ, ಜೇನುಬಣ್ಣವೋ? ಎರಡು ಮೀಟರ್ ನೀರಿನಲ್ಲಿ ಬಿದ್ದರೂ ಉರಿಯುತ್ತದೋ? (ಸಂಪಿನ ಅನುಭವ ಇದ್ದವನಿಗೆ ಇದು ಮುಖ್ಯ ಪ್ರಶ್ನೆ.) ಒಂದು ಟಾರ್ಚನ್ನು ಎರಡನೇ ಮಹಡಿಯಿಂದ ಬೀಳಿಸಿ, ಮೇಲೆ ಕಾರು ಹತ್ತಿಸಿ, ಮಂಜುಗಡ್ಡೆಯಲ್ಲಿ ಹೂತಿಟ್ಟು ಪರೀಕ್ಷೆ ಮಾಡುವ ವಿಡಿಯೋ ನೋಡಿದೆ. ಹೀಗೆಲ್ಲ ಮಾಡಿದ್ದರೆ ನಾನು ಉಳಿಯುತ್ತಿರಲಿಲ್ಲ. ಅದು ಉಳಿಯಿತು.

ಹತ್ತನೇ ದಿನ ಸುಮಾ ಕೇಳಿದಳು. "ಅಲ್ಲಾ ಕಣ್ರೀ, ನನ್ನ ಮದ್ವೆಯಾಗ್ತೀನಿ ಅಂತ ಹೇಳಕ್ಕೆ ನೀವು ತಗೊಂಡಿದ್ದು ಒಂದು ಪ್ಲೇಟ್ ಉಪ್ಪಿಟ್ಟು ಮುಗಿಯೋವಷ್ಟು ಟೈಮು. ಟಾರ್ಚ್‌ಗೆ ಇಷ್ಟು ದಿನಾನಾ? ಅಷ್ಟಕ್ಕೂ ಅದ್ರಲ್ಲಿ ಏನ್ ನೋಡ್ಬೇಕು ನಿಮಗೆ?"

ಉತ್ತರಕ್ಕೆ ತಡಕಾಡಿದೆ. ಸಂಪು. ಮೀಟರ್ ಬೋರ್ಡು. ಸೋಫಾ ಕೆಳಗೆ ಉರುಳಿದ ಮಾತ್ರೆ. ಇನ್ನೇನು? ಏನೂ ಇಲ್ಲ. ಇದಾದ ಹನ್ನೆರಡು ದಿನಕ್ಕೆ ನಾನು ಆರ್ಡರ್ ಮಾಡಿದ್ದು ಸಾವಿರದಿನ್ನೂರು ಲ್ಯೂಮೆನ್ನಿನ, ಕಾಲು ಕಿಲೋಮೀಟರ್ ದೂರ ಬೆಳಕು ಚೆಲ್ಲುವ ಟಾರ್ಚು. ಸೋಫಾ ಕೆಳಗೆ ಕಾಲು ಕಿಲೋಮೀಟರ್!

ನಗಬೇಡಿ. ಹಿಮಾಲಯ ಹತ್ತುವ ಶೂ ಹಾಕಿಕೊಂಡು ಯಶವಂತಪುರ ಮಾರ್ಕೆಟ್ಟಿಗೆ ಈರುಳ್ಳಿ ತರಲು ಹೋಗುವವರು ನಮ್ಮಲ್ಲಿ ಇಲ್ಲವೇ? ಸಮುದ್ರದಾಳದಲ್ಲೂ ಟೈಮು ತೋರಿಸುವ ವಾಚು ಕಟ್ಟಿಕೊಂಡು ಹೆಬ್ಬಾಳ ಫ್ಲೈಓವರ್ ಮೇಲೆ ಲೇಟಾಗುವವರು?

ಟಾರ್ಚು ಬಂತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಉದ್ದ. ಜೇಬಿಗೆ ಸಿಕ್ಕಿಸಲು ಕ್ಲಿಪ್. ಒಂದೇ ಬಟನ್. ಜೊತೆಗೊಂದು ಮಡಚಿದ ಕೈಪಿಡಿ, ಇರುವೆ ಗಾತ್ರದ ಅಕ್ಷರ. ಒಂದು ಸಲ ಒತ್ತಿದರೆ ಏನು, ಎರಡು ಸಲ ಒತ್ತಿದರೆ ಏನು, ಹಿಡಿದುಕೊಂಡರೆ ಏನು, ನಾಲ್ಕು ಸಲ ಒತ್ತಿದರೆ ಲಾಕು. ಅರ್ಧ ಓದಿ ಮಡಚಿಟ್ಟೆ. ಟಾರ್ಚ್ ಹೊತ್ತಿಸಲು ಕೈಪಿಡಿ ಓದುವಷ್ಟು ದಡ್ಡನೇ ನಾನು?

ಮೂರನೇ ದಿನ ಆಫೀಸಿನ ಮೀಟಿಂಗಿನಲ್ಲಿ ಎಡತೊಡೆ ಬಿಸಿಯಾಗತೊಡಗಿತು. ವಯಸ್ಸಾಯಿತು, ನರದ ತೊಂದರೆ ಇರಬೇಕು ಎಂದುಕೊಂಡು ತಡೆದುಕೊಂಡೆ. ಎದುರಿಗೆ ಕೂತಿದ್ದ ಹುಡುಗಿ ಮೆಲ್ಲಗೆ, "ಸಾರ್, ನಿಮ್ಮ ಪ್ಯಾಂಟ್ ಹೊಳೀತಿದೆ" ಎಂದಳು. ನೋಡಿದರೆ ಜೇಬಿನೊಳಗೆ ಸೂರ್ಯೋದಯ. ಲಾಕ್ ಮಾಡದೆ ಇಟ್ಟುಕೊಂಡಿದ್ದೆ. ಎದ್ದು ಕುಣಿಯುತ್ತಾ ಅದನ್ನು ಹೊರಗೆ ತೆಗೆದ ನನ್ನನ್ನು ಪ್ರಸನ್ನ ಗುರುತೇ ಇಲ್ಲದವನಂತೆ ನೋಡಿದ.

ಇಷ್ಟಾದರೂ ಬುದ್ಧಿ ಬಂತೇ? ಬಂದಿದ್ದರೆ ಬುಧವಾರ ಬರುತ್ತಿರಲಿಲ್ಲ.

ಅಂದು ಸಂಜೆ ಆರೂವರೆಗೆ ಮನೆ ತಲುಪಿದೆ. ಜೋರು ಗಾಳಿ, ಮೋಡ. ಗಾಳಿ ಬೀಸಿದ ಮೇಲೆ ಕರೆಂಟು ಹೋಗಲೇಬೇಕಲ್ಲ, ಹೋಗಿತ್ತು. ಹಿಂದಿನ ಕೊಟ್ಟಿಗೆಯಿಂದ ನಂಜಮ್ಮನ ದನಿ ಕೇಳಿತು. ಹೋಗಿ ನೋಡಿದರೆ ಕೆಂಪಿ ಕುತ್ತಿಗೆ ಮುಂದಕ್ಕೆ ಚಾಚಿ ನಿಂತಿದೆ. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿದೆ. ಎಡಹೊಟ್ಟೆ ಡೋಲಿನಂತೆ ಉಬ್ಬಿದೆ. ಸುಮಾ ಮತ್ತು ನಂಜಮ್ಮ ಮೂಗುದಾರದ ಹಗ್ಗ ಹಿಡಿದಿದ್ದಾರೆ. ನಂಜಮ್ಮ ಫೋನ್ ಮಾಡಿ ಕರೆಸಿದ ಪಶುವೈದ್ಯೆ, ಇನ್ನೂ ಮೂವತ್ತು ದಾಟದ ಡಾಕ್ಟರ್ ರೇಖಾ, ಹಸುವಿನ ಬಾಯಿ ಮುಚ್ಚದಂತೆ ಸ್ಟೀಲಿನ ಕಟ್ಟು ಕೂರಿಸುತ್ತಿದ್ದಾರೆ.

"ಗಂಟಲಲ್ಲಿ ಏನೋ ಸಿಕ್ಕಾಕ್ಕೊಂಡಿದೆ. ತೇಗು ಹೊರಗ್ ಬರ್ತಿಲ್ಲ, ಅದಕ್ಕೇ ಹೊಟ್ಟೆ ಉಬ್ತಿದೆ" ಎಂದರು ಡಾಕ್ಟರ್. ಅವರ ಹೆಡ್‌ಲ್ಯಾಂಪ್ ಬೆಳಗಿನಿಂದ ಮೂರು ಹಸು ನೋಡಿ ಸುಸ್ತಾಗಿತ್ತು. ಫೋನಿನ ಬೆಳಕನ್ನು ಗಲ್ಲದ ಕೆಳಗೆ ಒತ್ತಿಹಿಡಿದು ಒಳಗೆ ನೋಡಲು ಒದ್ದಾಡುತ್ತಿದ್ದರು.

ಇಂಥ ಗಳಿಗೆಗೇ ಅಲ್ಲವೇ ನಾನು ಇಪ್ಪತ್ತೆರಡು ದಿನ ಓದಿದ್ದು?

"ಡಾಕ್ಟ್ರೇ, ಫೋನ್ ಒಳಗಿಡಿ" ಎಂದೆ. ದನಿ ನನಗೇ ಗುರುತು ಸಿಗದಷ್ಟು ಗಂಭೀರವಾಗಿತ್ತು. "ನನ್ನ ಹತ್ರ ಟಾರ್ಚಿದೆ."

ಪಾಪ, ನಂಬಿದರು. ಫೋನನ್ನು ಬ್ಯಾಗಿಗೆ ಹಾಕಿ ಎರಡೂ ಕೈಗೆ ಗ್ಲೌಸ್ ಏರಿಸಿದರು. ನಾನು ಕೆಂಪಿಯ ಎದುರು ನಿಂತು ಬಟನ್ ಒತ್ತಿದೆ. ಗಾಬರಿಯಲ್ಲಿ ಒಂದರ ಬದಲು ಮೂರು ಸಲ ಒತ್ತಿದೆ.

ಮೂರು ಸಲ ಒತ್ತಿದರೆ ಬೆಳಕು ಪಟಪಟನೆ ಮಿಂಚುತ್ತದೆ. ಮೈಮೇಲೆ ಬಿದ್ದವರನ್ನು ಕಂಗೆಡಿಸಲು ಇರುವ ಏರ್ಪಾಡಂತೆ ಅದು. ಚೆನ್ನಾಗಿ ಕೆಲಸ ಮಾಡುತ್ತದೆ. ಕೆಂಪಿ ಕಂಗೆಟ್ಟಿತು. ತಲೆ ಝಾಡಿಸಿ ಮುಂದೆ ನುಗ್ಗಿದ ರಭಸಕ್ಕೆ ಹಗ್ಗ ಸುಮಾಳ ಕೈಯಿಂದ ಜಾರಿತು, ಹಣೆ ನನ್ನ ಎದೆಗೆ ಬಡಿಯಿತು, ನಾನು ಮೊದಲೇ ಹೇಳಿದ ಜಾಗದಲ್ಲಿ ಹೋಗಿ ಕೂತೆ. ಟಾರ್ಚು ಮಾತ್ರ ಕೈಬಿಟ್ಟಿರಲಿಲ್ಲ. ಕೊಟ್ಟಿಗೆ ತುಂಬಾ ಮಿಂಚು.

"ಆಫ್ ಮಾಡ್ರೀ ಅದನ್ನ!" ಡಾಕ್ಟರ್ ಕಿರುಚಿದರು.

ಒತ್ತಿದೆ. ಮೂರು ಚಿಕ್ಕದು, ಮೂರು ಉದ್ದದ್ದು, ಮತ್ತೆ ಮೂರು ಚಿಕ್ಕದು. ಮುಳುಗುವ ಹಡಗಿನಿಂದ ಸಹಾಯ ಕೇಳುವ ಸಂಕೇತ. (ನನ್ನ ಸ್ಥಿತಿಗೆ ತಕ್ಕುದಾಗಿಯೇ ಇತ್ತು.) ಇನ್ನೊಮ್ಮೆ ಒತ್ತಿದೆ. ಮಿಣುಕುಹುಳದಷ್ಟು ಬೆಳಕು. ಒತ್ತಿ ಹಿಡಿದೆ. ಸಾವಿರದಿನ್ನೂರು ಲ್ಯೂಮೆನ್ನೂ ಒಟ್ಟಿಗೆ ಹೊರಬಂದವು. ಜೊಲ್ಲಿನ ಮೇಲೆ, ಸ್ಟೀಲಿನ ಮೇಲೆ, ಹಲ್ಲಿನ ಮೇಲೆ ಬಿದ್ದ ಬೆಳಕು ಡಾಕ್ಟರ ಕಣ್ಣಿಗೇ ಚುಚ್ಚಿತು.

"ಏನೂ ಕಾಣ್ತಿಲ್ಲ, ಬರೀ ಬಿಳಿ. ಕಮ್ಮಿ ಮಾಡಿ."

"ಆಗ್ತಿಲ್ಲ" ಎಂದೆ. ನನ್ನ ದನಿ ಈಗ ಮೊದಲಿನಷ್ಟು ಗಂಭೀರವಾಗಿರಲಿಲ್ಲ.

ಆಗ ಕೆಂಪಿ ನರಳಿತು. ಅದನ್ನು ಬರೆಯಲು ನನಗೆ ಬರುವುದಿಲ್ಲ. ಮುಂಗಾಲು ಮಡಚಿಕೊಳ್ಳುತ್ತಿದ್ದವು. "ಬಿಡ್ಬೇಡಿ ಅಮ್ಮ, ಮಲಗಿಬಿಟ್ರೆ ಕಷ್ಟ" ಎಂದರು ಡಾಕ್ಟರ್.

ನಂಜಮ್ಮ ಹಗ್ಗವನ್ನು ಸುಮಾಳ ಕೈಗೆ ಕೊಟ್ಟರು. ಬಂದು ನನ್ನ ಕೈಯಿಂದ ಟಾರ್ಚ್ ಕಿತ್ತುಕೊಂಡರು. ಸೀರೆಯ ಸೆರಗೆಳೆದು ಎರಡು ಮಡಿಕೆ ಮಾಡಿ ಗಾಜಿನ ಮೇಲೆ ಸುತ್ತಿದರು.

ಅಷ್ಟೇ. ಬೆಳಕು ಮೆತ್ತಗಾಯಿತು. ನಾಲಿಗೆ ಕಂಡಿತು, ಅದರ ಹಿಂದಿನ ಗುಲಾಬಿ ಬಣ್ಣದ ಆಳವೂ ಕಂಡಿತು. ನಂಜಮ್ಮ ಇನ್ನೊಂದು ಕೈಯಲ್ಲಿ ಕೆಂಪಿಯ ಹಣೆ ತಡವುತ್ತಾ, "ಆಯ್ತು ಮಗಾ, ಆಯ್ತು, ವಸಿ ತಡ್ಕೋ" ಎಂದರು.

"ಹಾ, ಕಾಣ್ತಿದೆ! ಹಂಗೇ ಹಿಡ್ಕೊಳಿ" ಎಂದು ಡಾಕ್ಟರ್ ಮೊಣಕೈವರೆಗೆ ತೋಳು ಒಳಗೆ ಹಾಕಿದರು.

ನಾನು ಎದ್ದು ಸುಮಾಳ ಜೊತೆ ಹಗ್ಗ ಹಿಡಿದೆ. ನನಗೆ ಗೊತ್ತಿದ್ದ ಒಂದೇ ವಿಷಯವನ್ನು ಹೇಳಿದೆ. "ನಂಜಮ್ಮ, ಅದು ಕೈ ಸುಡುತ್ತೆ."

"ಗೊತ್ತಾಯ್ತೈತೆ, ಸುಮ್ಕಿರಪ್ಪ."

ಬಟ್ಟೆ ಕಮರುವ ವಾಸನೆ ಬಂತು. ಅವರು ಮಡಿಕೆ ಬದಲಿಸಿದರು, ಕೈ ಬದಲಿಸಲಿಲ್ಲ. ಡಾಕ್ಟರ್ ತುಟಿ ಕಚ್ಚಿ, ತೋಳು ತಿರುಗಿಸಿ, ಒಮ್ಮೆ ಜಾರಿಸಿಕೊಂಡು, ಮತ್ತೆ ಹಿಡಿದು, ಸಿಕ್ಕಿಕೊಂಡಿದ್ದನ್ನು ಹೊರಗೆಳೆದರು. ಅದರ ಹಿಂದೆಯೇ ಕೆಂಪಿ ಒಂದು ತೇಗು ತೇಗಿತು. ಅಷ್ಟು ಉದ್ದನೆಯ, ಅಷ್ಟು ನಾರುವ, ಅಷ್ಟು ಇಂಪಾದ ತೇಗನ್ನು ನಾನು ಕೇಳಿಲ್ಲ. ಹೊಟ್ಟೆ ನಮ್ಮ ಕಣ್ಣೆದುರೇ ಇಳಿಯತೊಡಗಿತು. ಸುಮಾ ಹಗ್ಗ ಹಿಡಿದುಕೊಂಡೇ ಅತ್ತಳು.

ಡಾಕ್ಟರ್ ಅಂಗೈ ಬಿಚ್ಚಿದರು. ಮಾವಿನ ಓಟೆ.

ಸುಮಾ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ತಗಡಿನ ಶೀಟು ನೋಡಿದೆ.

ಮೆಟ್ಟಿಲ ಬುಡದಲ್ಲಿ ನಂಜಮ್ಮ ಒಂದು ನೀಲಿ ಬಕೆಟ್ ಇಟ್ಟಿದ್ದಾರೆ. ಬಾಡಿಗೆಯವರೆಲ್ಲ ತರಕಾರಿ, ಹಣ್ಣಿನ ಸಿಪ್ಪೆ ಹಾಕುತ್ತೇವೆ. ಸಂಜೆ ಕೆಂಪಿ ತಿನ್ನುತ್ತದೆ. "ಸಿಪ್ಪೆ ಆಕಿ, ಓಟೆ ಮಾತ್ರ ಬ್ಯಾಡ" ಎಂದು ಮನೆಗೆ ಬಂದ ಮೊದಲ ದಿನವೇ ಹೇಳಿದ್ದರು. ಅಂದು ಬೆಳಿಗ್ಗೆ ಬಕೆಟ್ಟಿಗೆ ಹಾಕುವ ಸರದಿ ನನ್ನದು. ಒಂದು ಕೈಯಲ್ಲಿ ಹೊಸ ಫೋನು, ಅದರಲ್ಲಿ ಟಾರ್ಚಿಗೆ ಚರ್ಮದ ಪೌಚು ಯಾವುದು ಒಳ್ಳೆಯದೆಂಬ ಚರ್ಚೆ. ಇನ್ನೊಂದು ಕೈಯಲ್ಲಿ ತಟ್ಟೆ. ನೋಡದೆ ಎಲ್ಲವನ್ನೂ ಸುರಿದಿದ್ದೆ.

ಅದೂ ಹಗಲು ಬೆಳಕಿನಲ್ಲಿ.

ಮೇಲೆ ಬಂದು ಸ್ನಾನ ಮಾಡಿ ಕೈಪಿಡಿ ಪೂರ್ತಿ ಓದಿದೆ. ಉರಿಯುವಾಗ ಬಟನ್ ಒತ್ತಿ ಹಿಡಿದು, ಬೇಕಾದಷ್ಟಕ್ಕೆ ಇಳಿದ ಮೇಲೆ ಬಿಡಬೇಕಂತೆ. ನಾನು ತೀರಾ ಬೇಗ ಬಿಟ್ಟಿದ್ದೆ. ಮೂರನೇ ಸಾಲಿನಲ್ಲೇ ಇತ್ತು.

ಗುರುವಾರ ಬೆಳಿಗ್ಗೆ ಕೆಳಗಿಳಿದು ಹೋದೆ. ಕೆಂಪಿ ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿಯಿತು. ನಂಜಮ್ಮ ಅದಕ್ಕೆ ನೆನೆಸಿದ ಬೂಸಾ ಇಡುತ್ತಿದ್ದರು. ಹೆಬ್ಬೆರಳ ತುದಿಯಲ್ಲಿ ನೀರ್ಗುಳ್ಳೆ ಎದ್ದಿತ್ತು. ತಂತಿಯ ಮೇಲೆ ಒಣಗುತ್ತಿದ್ದ ಸೀರೆಯ ಸೆರಗಿನಲ್ಲಿ ಎರಡು ಕಂದು ಕಲೆ. ಮಾತು ಎಲ್ಲಿಂದ ಶುರು ಮಾಡುವುದೋ ತಿಳಿಯದೆ ನೇರ ವಿಷಯಕ್ಕೇ ಬಂದೆ.

"ನಂಜಮ್ಮ, ಆ ಓಟೆ ನಮ್ಮನೇದು. ನಾನೇ ಹಾಕಿದ್ದು. ತಪ್ಪಾಯ್ತು."

"ಗೊತ್ತು ಕಣಪ್ಪ."

"ಸುಮಾ ಹೇಳಿದ್ಲಾ?"

"ಅವ್ಳ್ಯಾಕ್ ಏಳ್ತಾಳೆ? ಓಟೇಲಿ ಅಷ್ಟೊಂದ್ ಅಣ್ಣು ಬಿಟ್ಟು ಬಿಸಾಕೋನು ಈ ಬಿಲ್ಡಿಂಗ್ನಾಗೆ ನೀನೊಬ್ನೇ."

ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಸುಲಭವಿತ್ತು. ಅವರು ಬೈಯಲಿಲ್ಲ. ಕೆಂಪಿಯ ಕತ್ತಿನ ಗಂಗೆದೊಗಲು ನೀವುತ್ತಾ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಕುತೂಹಲದಿಂದ ಕೇಳಿದರು.

"ಬ್ಯಾಟ್ರಿ ಚೆಂದಾಗೈತೆ ಬಿಡು. ಇಪ್ಪತ್ತೆರಡು ದಿನ ಉಡುಕಿದ್ಯಂತಲ್ಲ, ವಸಿ ಕಮ್ಮಿ ಬೆಳಕಿಂದು ಎಲ್ಲೂ ಸಿಕ್ನಿಲ್ವಾ?"