ಗಂಡನ ಬದಲು ಕಲಿತ ಕಸರತ್ತು

ಸಂಗಮನಾಥ ನಡೆದು ಬಂದರೆ ಶಹಾಪುರದ ಬಜಾರಿನಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ಗೊಬ್ಬರದಂಗಡಿಯ ಸಾಹುಕಾರ, ಊರಿನ ಜಗಳ ಬಗೆಹರಿಸುವ ಹಿರಿಯ. ಅವನ ಜೊತೆ ಸಂಸಾರ ಮಾಡಿ ಕೂದಲು ನರೆತ ಭೀಮಾಬಾಯಿಗೆ ಮಾತ್ರ, ಎದ್ದು ನಿಲ್ಲುವಂಥದ್ದು ಅವನಲ್ಲಿ ಎಂದೂ ಕಂಡಿರಲಿಲ್ಲ.

ಅವನಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು. ಕಲಬುರಗಿಯಲ್ಲಿ ಆಪರೇಷನ್ ಎಂದಾಯಿತು. ಆಮೇಲೆ ಉಚ್ಚೆಯ ಹಿಡಿತ ಬೇಗ ಬರಬೇಕೆಂದರೆ ಈಗಲೇ ಕಸರತ್ತು ಕಲಿಯಬೇಕೆಂದು ಡಾಕ್ಟರು ಅವನನ್ನು ಯಾದಗಿರಿಯ ಫಿಜಿಯೋಥೆರಪಿಸ್ಟ್ ಶಾಂಭವಿಯ ಹತ್ತಿರ ಕಳಿಸಿದರು. ಗಂಡ ಹೆಂಡತಿ ಇಬ್ಬರೂ ಹೋದರು.

"ಕಾಕಾ, ನಾಕ್ ಮಂದ್ಯಾಗ ಕುಂತಾಗ ಹೂಸು ಬಂದ್ರ ಹೆಂಗ ತಡೀತೀರಿ? ಹಂಗs ಒಳಗ ಮ್ಯಾಲಕ್ಕ ಎಳದು ಹಿಡೀರಿ. ಆಮ್ಯಾಲ ಸಡಿಲ ಬಿಡ್ರಿ" ಎಂದಳು ಶಾಂಭವಿ, ಅಡುಗೆ ಹೇಳಿಕೊಟ್ಟಷ್ಟು ಸಹಜವಾಗಿ.

ಸಂಗಮನಾಥ ಹೆಗಲ ಟವೆಲ್ ಕೊಡವಿಕೊಂಡು ಎದ್ದೇಬಿಟ್ಟ. ಹೊರಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ. "ಮಗಳ ವಯಸ್ಸಿನಾಕಿ ಮುಂದ ನಾ ಹೂಸು ತಡೀಲೇನು? ನೀ ಹೋಗಿ ಕಲ್ತು ಬಾ. ಮನ್ಯಾಗ ನನಗ ಹೇಳಂತಿ."

ತನ್ನ ಕಸರತ್ತನ್ನು ಹೆಂಡತಿಗೆ ವಹಿಸುವ ಗಂಡಸು! ಇವನು ತನ್ನ ಜ್ವರದ ಗುಳಿಗೆಯನ್ನೂ ನನಗೇ ನುಂಗು ಎಂದಾನು ಎಂದುಕೊಳ್ಳುತ್ತ ಭೀಮಾಬಾಯಿ ಒಳಗೆ ಹೋದಳು.

ನಾಲ್ಕು ಹೆರಿಗೆಯಾದ ಮೇಲೆ ಅವಳಿಗೂ ಕೆಮ್ಮಿದರೆ, ಕೊಡ ಎತ್ತಿದರೆ ಸೀರೆ ಹಸಿಯಾಗುತ್ತಿತ್ತು. ಗಂಡ "ಎಮ್ಮಿ" ಎಂದು ನಕ್ಕಿದ್ದ. ಅಂದು ಅದನ್ನು ಶಾಂಭವಿಯ ಮುಂದೆ ಹೇಳಿಕೊಂಡಳು.

"ಇದು ಹೆಂಗಸರಿಗೂ ಅದರಿ ಅವ್ವಾರ, ನೀವೂ ಮಾಡ್ರಿ" ಎಂದಳು ಶಾಂಭವಿ.

ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ ಭೀಮಾಬಾಯಿ ಬಿಡದೆ ಮಾಡಿದಳು. ಗಂಡನಿಗೂ ಹೇಳಿದಳು.

"ಗಂಡಸಿದ್ದೀನಿ ನಾ. ನಂದು ಮೊದಲs ಗಟ್ಟಿ ಅದ" ಎಂದ ಅವನು.

ಆಪರೇಷನ್ ಆಗಿ ಉಚ್ಚೆಯ ಪೈಪು ತೆಗೆದ ಮೇಲೆ ಆ ಗಟ್ಟಿತನವೆಲ್ಲ ಧೋತರಕ್ಕಿಳಿಯಿತು. ಸೀನಿದರೂ ಸೋರಿತು, ಎದ್ದರೂ ಸೋರಿತು. ಸಾಹುಕಾರ ಅಂಗಡಿ ಬಿಟ್ಟು ಮನೆಯ ಮೂಲೆ ಹಿಡಿದ. ಅವನ ಕಣ್ಣೆದುರೇ ಭೀಮಾಬಾಯಿ ತುಂಬಿದ ಕೊಡ ಹೊತ್ತು ಒಣ ಸೀರೆಯಲ್ಲಿ ಓಡಾಡಿದಳು.

ಒಂದು ಮುಂಜಾನೆ ಅವನು ಗೋಡೆ ನೋಡುತ್ತ ಕೇಳಿದ. "ಆ ಹುಡುಗಿ ಏನಂದಿದ್ಳು?"

"ಅಂಗಾತ ಮಕ್ಕೋರಿ. ಮೊಣಕಾಲ ಮಡಚ್ರಿ. ಗಲ್ಲ ಯಾಕ ಉಬ್ಬಸ್ತೀರಿ? ಉಸರಾಡ್ರಿ. ಕೆಳಗ ಬಿಗಿ ಹಿಡೀರಂದ್ರ ಮಾರಿ ಬಿಗಿ ಹಿಡ್ದೀರಲ್ಲ!"

ತನಗೆ ಕನಿಕರ ಬರುತ್ತದೇನೋ ಎಂದು ಅವಳು ಕಾದು ನೋಡಿದಳು. ಬರಲಿಲ್ಲ. ಆದರೂ ದಿನಾ ಮಾಡಿಸಿದಳು, ಹಸಿ ಬಟ್ಟೆ ಒಗೆಯುವವಳು ತಾನೇ ಆದ್ದರಿಂದ. ಜೋಳದ ರಾಶಿಯ ಹೊತ್ತಿಗೆ ಅವನು ಅಂಗಡಿಗೆ ಮರಳಿದ.

ಒಂದು ಮಧ್ಯಾಹ್ನ ಅವಳು ಬುತ್ತಿ ಒಯ್ದಾಗ ಅಂಗಡಿಯಲ್ಲಿ ನೆರೆಯ ದೇವಿಂದ್ರ ಕೂತಿದ್ದ. ಅವನಿಗೂ ಅದೇ ಆಪರೇಷನ್ ಹೇಳಿದ್ದರು. ಸಂಗಮನಾಥ ಉಪದೇಶ ನಡೆಸಿದ್ದ. "ಮನೋಬಲ ಇರಬೇಕು ನೋಡಪ. ನಾ ಗೆದ್ದದ್ದು ಬರೇ ಮನೋಬಲದಿಂದ."

ಭೀಮಾಬಾಯಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ದೇವಿಂದ್ರಣ್ಣ, ಇವರ ಮನೋಬಲ ದಿನಾ ನಾನs ಒಗದು ಒಣಗಾಕೀನಿ. ಯಾದಗಿರ್ಯಾಗ ಶಾಂಭವಿ ಅಂತ ಅದಾಳ. ಆಪರೇಷನ್ ಆಗೂಕಿಂತ ಮೊದಲs ಹೋಗ್ರಿ."

ಆ ವಾರವೇ ದೇವಿಂದ್ರ ಯಾದಗಿರಿಯ ಬಸ್ಸು ಹತ್ತಿದ.