ತಡೀರಿ ಮೇಡಂ ಹಾಕಿದ ಬೀಗ

ಕಚೇರಿಯಲ್ಲಿ ಅವರನ್ನು ಎಲ್ಲರೂ ತಡೀರಿ ಮೇಡಂ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಗೋದಾಮಿನವರು ಕೈಯಲ್ಲಿ ಹಿಡಿದು ಓಡಾಡುವ ಸ್ಕ್ಯಾನರ್‌ಗಳಿಗೆ ವೈರ್‌ಲೆಸ್ ಕಾರ್ಡ್ ಮಾಡಿಕೊಡುವ ಪುಟ್ಟ ಕಂಪನಿ ಅದು. ಆ ಕಾರ್ಡನ್ನು ನಡೆಸುವ ಡ್ರೈವರ್ ಕೋಡನ್ನು ಯಾರೇ ಬರೆಯಲಿ, ಮೇಡಂ ಕಣ್ಣು ತಪ್ಪಿಸಿ ಅದು ಹೊರಗೆ ಹೋಗುವಂತಿರಲಿಲ್ಲ. ಬರೆದವರು ಬಂದು ನಿಂತರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ತಡೀರಿ. ಇಲ್ಲಿ ಯಾವ ಲಾಕ್ ಹಾಕಿದ್ದೀರಿ?" ಎನ್ನುತ್ತಿದ್ದರು.

ಒಂದೇ ಮಾಹಿತಿಗೆ ಇಬ್ಬರು ಏಕಕಾಲಕ್ಕೆ ಕೈ ಹಾಕದಂತೆ ಕೋಡಿನಲ್ಲಿ ಇಡುವ ಬೀಗವೇ ಲಾಕ್. ಅದರಲ್ಲಿ ಎರಡು ಬಗೆ. ಮ್ಯೂಟೆಕ್ಸ್ ಎಂಬುದರ ಮುಂದೆ ಕಾಯುವವನು ನಿದ್ದೆ ಮಾಡಬಹುದು. ಸರದಿ ಬಂದಾಗ ಎಬ್ಬಿಸುತ್ತಾರೆ. ಸ್ಪಿನ್‌ಲಾಕ್ ಮುಂದೆ ಕಾಯುವವನು ಮಾತ್ರ, ಬಾಗಿಲು ತೆರೆಯಿತೇ ತೆರೆಯಿತೇ ಎಂದು ನಿಂತಲ್ಲೇ ಗಿರಕಿ ಹೊಡೆಯುತ್ತಾನೆ.

"ಸ್ಪಿನ್‌ಲಾಕ್ ಹಿಡ್ಕೊಂಡೋನು ಚಕ್ ಅಂತ ಕೆಲಸ ಮುಗಿಸಿ ಬಿಡಬೇಕು. ಹಿಡ್ಕೊಂಡೇ ನಿದ್ದೆಗೆ ಹೋದ್ನೋ, ಹೊರಗಿರೋರೆಲ್ಲ ತಿರುಗಿ ತಿರುಗಿ ಸುಸ್ತಾಗ್ತಾರೆ, ಮಿಷಿನ್ ಕಲ್ಲಾಗುತ್ತೆ," ಎಂದು ಮೇಡಂ ಹೇಳದ ದಿನವಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೂ ಹೇಳುತ್ತಿದ್ದರು. ಕೆಲವರು ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಕೊಂಡಿದ್ದರು.

ಮನೆಯಲ್ಲಿ ಅವರ ಕತೆ ಕೇಳಲು ಮಾವನವರಿದ್ದರು. ಆಯುಷ್ಯವೆಲ್ಲ ಟೈಪ್‌ರೈಟರ್ ರಿಪೇರಿ ಮಾಡಿದವರು. ಸೊಸೆ ಚಪ್ಪಲಿ ಬಿಡುವ ಮೊದಲೇ ಅವರ ಪ್ರಶ್ನೆ ಸಿದ್ಧ.

"ಇವತ್ತು ಯಾರದಮ್ಮಾ ತಪ್ಪು?"

"ಹೊಸಬರದ್ದು, ಮಾವ. ನಾಲ್ಕು."

"ಚೆನ್ನಾಗಿ ಬೈದ್ಯಾ?"

"ಬೈಯೋದೇನು, ಅರ್ಥ ಮಾಡಿಸಿದೆ."

"ಸರಿ, ಬೈದೆ ಅನ್ನು."

ಹೀಗಿರುವಾಗ ಪರೀಕ್ಷೆಯ ಕೋಣೆಯಲ್ಲಿ ಹೊಸ ಕಾಟ ಶುರುವಾಯಿತು. ಬೆಳಗ್ಗೆಯಿಂದ ಚೆನ್ನಾಗಿಯೇ ಓಡುವ ಸ್ಕ್ಯಾನರ್‌ಗಳು ಸರಿಯಾಗಿ ಊಟದ ಹೊತ್ತಿಗೆ ಕಲ್ಲಿನಂತೆ ನಿಂತುಬಿಡುತ್ತಿದ್ದವು. ಮೂರು ವಾರ ತಲೆ ಕೆಡಿಸಿಕೊಂಡರೂ ಕಾರಣ ಸಿಗಲಿಲ್ಲ. ಮ್ಯಾನೇಜರು, ಮೇಡಂಗಿಂತ ಹದಿನೈದು ವರ್ಷ ಚಿಕ್ಕವರು, ವಿದ್ಯುತ್ತಿನ ದೋಷವಿರಬೇಕು ಎಂದು ಪ್ಲಗ್ ಬದಲಾಯಿಸಿದರು. ಆಮೇಲೆ ಮೇಜು ಬದಲಾಯಿಸಿದರು. ಕೊನೆಗೆ ಊಟದ ಸಮಯವನ್ನೇ ಅರ್ಧ ಗಂಟೆ ಮುಂದೆ ಹಾಕಿದರು. ಸ್ಕ್ಯಾನರ್‌ಗಳೂ ಅರ್ಧ ಗಂಟೆ ತಡವಾಗಿ ನಿಂತವು.

ಒಂದು ಮಧ್ಯಾಹ್ನ ಮೇಡಂ ಡಬ್ಬಿ ಬಿಸಿ ಮಾಡಿಸಿಕೊಳ್ಳಲು ಕಚೇರಿಯ ಅಡುಗೆಕೋಣೆಗೆ ಹೋದರು. ಅದನ್ನು ನೋಡಿಕೊಳ್ಳುವ ಅಕ್ಕ ಮೈಕ್ರೋವೇವ್ ಗುಂಡಿಯ ಮೇಲೆ ಬೆರಳಿಟ್ಟು ಅನುಮಾನಿಸಿದರು.

"ಮೇಡಂ, ಒಂದು ಮಾತು ಕೇಳ್ಲಾ? ನಾನು ಈ ಪೆಟ್ಟಿಗೆ ಆನ್ ಮಾಡಿದ್ ತಕ್ಷಣ ಗೋಡೆ ಆಚೆ ನಿಮ್ಮೋರೆಲ್ಲ ಅಯ್ಯೋ ಅಂತಾರೆ. ನಾನು ಬಿಸಿ ಮಾಡೋದು ಅವ್ರಿಗೆ ಅಷ್ಟೊಂದು ಬೇಜಾರಾ?"

"ಯಾವಾಗಿಂದ?"

"ಈ ಪೆಟ್ಟಿಗೆ ಬಂದಾಗಿಂದ. ಮೂರು ವಾರ ಆಯ್ತಲ್ಲ."

ಮೇಡಂ ಡಬ್ಬಿಯನ್ನು ಅಲ್ಲೇ ಮರೆತು ಓಡಿದರು. ಗೋಡೆಯ ಆಚೆಯೇ ಪರೀಕ್ಷೆಯ ಕೋಣೆ. ಪೆಟ್ಟಿಗೆಯಿಂದ ಸೋರುವ ಅಲೆಗಳ ಗದ್ದಲಕ್ಕೆ ಕಾರ್ಡಿನ ಸಿಗ್ನಲ್ ಕಡಿದುಹೋಗುತ್ತದೆ, ಆಗ ಡ್ರೈವರ್ ಕಾರ್ಡನ್ನು ಮತ್ತೆ ಎಬ್ಬಿಸಲು ಹೋಗುತ್ತದೆ, ಎಡವುವುದು ಅಲ್ಲೇ. ಅವರು ಎಲ್ಲರನ್ನೂ ಕರೆದು ಸೇರಿಸಿದರು.

"ಯಾರೋ ಮಹಾನುಭಾವರು ಸ್ಪಿನ್‌ಲಾಕ್ ಹಿಡ್ಕೊಂಡು ನಿದ್ದೆ ಮಾಡಿದ್ದಾರೆ. ಇವತ್ತು ಸಿಕ್ಕಿಬೀಳ್ತಾರೆ. ಆ ತಪಾಸಣೆ ಆನ್ ಮಾಡಿ."

ಲಾಕ್ ಹಿಡಿದು ನಿದ್ದೆ ಮಾಡುವವರನ್ನು ಹಿಡಿದುಕೊಡುವ ತಪಾಸಣೆಯೊಂದು ವ್ಯವಸ್ಥೆಯಲ್ಲೇ ಇತ್ತು. ಎಲ್ಲ ನಿಧಾನವಾಗುತ್ತದೆ, ಸುಮ್ಮನೆ ಕೂಗಾಡುತ್ತದೆ ಎಂದು ಮ್ಯಾನೇಜರು ಅದನ್ನು ಆರಿಸಿಟ್ಟಿದ್ದರು. ಈಗ ತಾವೇ ಆನ್ ಮಾಡಿದರು.

"ಅಕ್ಕಾ, ಒತ್ತಿ!" ಎಂದು ಮೇಡಂ ಕೂಗಿದರು. ಗೋಡೆಯಾಚೆ ಗುಂಯ್ ಎಂದಿತು. ಪರದೆಯ ಮೇಲೆ ತಪ್ಪಿತಸ್ಥ ಸಾಲು ಬಂತು. ಅದನ್ನು ಯಾರು ಬರೆದದ್ದೆಂದು ತೋರಿಸುವ ಪಟ್ಟಿಯನ್ನು ಹೊಸ ಹುಡುಗಿಯೊಬ್ಬಳು ತೆರೆದಳು. ಒಂಬತ್ತು ವರ್ಷ ಹಿಂದಿನ ತಾರೀಖು. ಪಕ್ಕದಲ್ಲಿ ಮೇಡಂ ಹೆಸರು.

"ಯಾರದಂತೆ? ಜೋರಾಗಿ ಓದಿ," ಎಂದರು ಮೇಡಂ, ಕನ್ನಡಕ ಒರೆಸುತ್ತ.

ಹುಡುಗಿ ಮ್ಯಾನೇಜರ ಮುಖ ನೋಡಿದಳು. ಮ್ಯಾನೇಜರು ಸೀಲಿಂಗ್ ಫ್ಯಾನ್ ನೋಡಿದರು. ಮೇಡಂ ಕನ್ನಡಕ ಹಾಕಿಕೊಂಡು ತಾವೇ ಓದಿದರು. ನೆನಪಾಯಿತು: ಕಾರ್ಡ್ ಏಳಲು ತಡ ಮಾಡುತ್ತದೆಂದು, ಲಾಕ್ ಒಳಗೇ ಇಪ್ಪತ್ತು ಮಿಲಿಸೆಕೆಂಡ್ ನಿದ್ದೆ ಸೇರಿಸಿದ್ದು ಅವರೇ. ಅಂದು ಬೇಗ ಮನೆಗೆ ಹೋಗಬೇಕಿತ್ತು.

"ತಡೀರಿ..." ಎಂದು ಮ್ಯಾನೇಜರ ಬಾಯಿಂದ ತಾನಾಗಿ ಜಾರಿತು. ಯಾರಿಗೋ ಕೆಮ್ಮು ಬಂತು. ಆಮೇಲೆ ಎಲ್ಲರಿಗೂ ಬಂತು.

"ನಗೋರು ನಕ್ಕುಬಿಡಿ. ಕೆಮ್ಮಿ ಗಂಟಲು ಹಾಳುಮಾಡ್ಕೋಬೇಡಿ," ಎಂದರು ಮೇಡಂ. ಕೋಣೆಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು.

ಸಂಜೆ ಮಾವನವರ ಪ್ರಶ್ನೆ ಎಂದಿನಂತೆ ಬಂತು. "ನಂದೇ," ಎಂದು ಮೇಡಂ ಚಪ್ಪಲಿ ಬಿಟ್ಟರು. ಮಾವನವರು ರೇಡಿಯೋ ಆರಿಸಿದರು.

"ಯಾರು ಬೈದ್ರು?"

"ಯಾರೂ ಬೈಲಿಲ್ಲ, ಮಾವ. ಬೈದಿದ್ರೆ ತಿರುಗಿ ಏನಾದ್ರೂ ಹೇಳ್ಬಹುದಿತ್ತು."

"ನಾನು ಒಂದ್ಸಲ ಒಂದು ಮಿಷಿನ್ನಿಗೆ ಎರಡು ಅಕ್ಷರ ಅದಲು ಬದಲು ಮಾಡಿ ಕೂರಿಸಿದ್ದೆ," ಎಂದರು ಮಾವ. "ಆ ಗಿರಾಕಿ ಒಂದು ವರ್ಷ ತನ್ನ ಹೆಸರೇ ತಪ್ಪಾಗಿ ಟೈಪ್ ಮಾಡ್ದ. ಊಟ ಮಾಡು ನಡಿ."

ಮರುದಿನ ಮೇಡಂ ಆ ಭಾಗವನ್ನು ಬಿಚ್ಚಿ ಬರೆದರು. ಸಿಗ್ನಲ್ ಹೋದರೆ ಸ್ಪಿನ್‌ಲಾಕ್ ಹಿಡಿದು ಒಂದು ಗುರುತು ಮಾತ್ರ ಹಾಕಿ ಬಿಟ್ಟುಬಿಡುವುದು. ಕಾರ್ಡನ್ನು ಎಬ್ಬಿಸುವ ನಿಧಾನದ ಕೆಲಸವನ್ನು ಬೇರೆ ಸರದಿಗೆ ಕಳಿಸುವುದು, ಅಲ್ಲಿ ಮ್ಯೂಟೆಕ್ಸ್. ನಿದ್ದೆ ಬಂದರೂ ಅಲ್ಲಿ ಯಾರಿಗೂ ತೊಂದರೆಯಿಲ್ಲ.

ಇನ್ನೂರು ಸಲ ಪರೀಕ್ಷೆಯಾಗಬೇಕೆಂದು ತೀರ್ಮಾನವಾಯಿತು. ಅಡುಗೆಕೋಣೆಯ ಅಕ್ಕ ಲೋಟದಲ್ಲಿ ನೀರಿಟ್ಟು ಗುಂಡಿ ಒತ್ತುತ್ತ ಹೋದರು. ಕಾದ ನೀರು ಚೆಲ್ಲಲು ಮನಸ್ಸಾಗದೆ ಎಲ್ಲರಿಗೂ ಹಂಚಿದರು. ನೂರರ ಹೊತ್ತಿಗೆ ಇಡೀ ಕಚೇರಿ ಬಿಸಿನೀರು ಕುಡಿದು ಶೌಚಾಲಯದ ಮುಂದೆ ಸಾಲು ನಿಂತಿತ್ತು. ಒಂದು ಸ್ಕ್ಯಾನರೂ ನಿಲ್ಲಲಿಲ್ಲ. ಇನ್ನೂರು ಮುಗಿದಾಗ ಮ್ಯಾನೇಜರು ಇನ್ನೈವತ್ತು ಆಗಲಿ ಎಂದರು.

"ನೀವೇ ಒತ್ಕೊಳ್ಳಿ ಸಾರ್, ನಂಗೆ ಪಾತ್ರೆ ಬಿದ್ದಿವೆ," ಎಂದು ಅಕ್ಕ ಎದ್ದುಹೋದರು.

ಮೇಡಂ ತಿದ್ದಿದ ಕೋಡನ್ನು ಅಂದು ಪಟ್ಟಿ ತೆರೆದ ಹುಡುಗಿಯ ಮೇಜಿಗೆ ತಂದಿಟ್ಟರು. "ನೀವು ನೋಡಿ ಒಪ್ಪಿದ್ರೆ ಮಾತ್ರ ಹೊರಗೆ ಹೋಗೋದು."

ಹುಡುಗಿ ಎರಡು ಗಂಟೆ ನೋಡಿದಳು. ಲಾಕ್‌ಗಳೆಲ್ಲ ಸರಿಯಿದ್ದವು. ಕೋಡಿನ ನಡುವೆ ಬರೆದ ಟಿಪ್ಪಣಿಯೊಂದರಲ್ಲಿ ಕಾಗುಣಿತ ತಪ್ಪಿತ್ತು. ಅದನ್ನು ಹೇಳುವ ಧೈರ್ಯ ಬರಲು ಅವಳಿಗೆ ಇನ್ನೊಂದು ಗಂಟೆ ಹಿಡಿಯಿತು.